ಕಮ್ಮರಡಿ ಸೀಮೆಯ ಬುತ್ತಿ

ಮನೆಯಿಂದ ಹೊರಟವರು ಮಧ್ಯಾಹ್ನದ ಹಸಿವಿಗೆಂದು ಕಟ್ಟಿಕೊಂಡು ಹೋಗುವ ಊಟಕ್ಕೆ ಬುತ್ತಿ ಎಂದು ಹೆಸರು. ಉತ್ತರದ ಬಯಲಿನಲ್ಲಿ ಬುತ್ತಿ ಎಂದರೆ ಜೋಳದ ರೊಟ್ಟಿ ಮತ್ತು ಬಟ್ಟೆಯ ಗಂಟು. ಮಲೆನಾಡಿನಲ್ಲಿ ಅದು ಅನ್ನ ಮತ್ತು ಬಾಳೆಎಲೆ. ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕಿನ ಕಮ್ಮರಡಿ, ಅದರ ಸುತ್ತಿನ ಹಳ್ಳಿಗಳು, ಆಚೆಗೆ ಶೃಂಗೇರಿ, ನರಸಿಂಹರಾಜಪುರದ ಕಡೆಯ ಊರುಗಳು, ಇಲ್ಲೆಲ್ಲ ಈಗ ಅರವತ್ತು ದಾಟಿದವರನ್ನು ಶಾಲೆಯ ದಿನಗಳ ಬಗ್ಗೆ ಕೇಳಿದರೆ ಪಾಠಕ್ಕಿಂತ ಮೊದಲು ನೆನಪಾಗುವುದು ಬುತ್ತಿಯ ವಾಸನೆ. ಬಾಡಿದ ಎಲೆ, ಹುಳಿಯಾದ ಮಜ್ಜಿಗೆ, ಮಿಡಿ ಉಪ್ಪಿನಕಾಯಿಯ ಸೊನೆ ಮೂರೂ ಕಲೆತ ಆ ವಾಸನೆ ಒದ್ದೆ ಪುಸ್ತಕಗಳಿಗೂ ಅಂಟಿಕೊಂಡಿರುತ್ತಿತ್ತು.

ಈ ಸೀಮೆಯಲ್ಲಿ ಬುತ್ತಿ ಕಟ್ಟಲೇಬೇಕಾಗಿದ್ದಕ್ಕೆ ಕಾರಣ ಊರಿನ ಲಕ್ಷಣವೇ. ಇಲ್ಲಿ ಊರು ಎಂದರೆ ಒತ್ತೊತ್ತಾಗಿ ಮನೆ ಕಟ್ಟಿದ ಬೀದಿಯಲ್ಲ. ಒಂದು ಕಣಿವೆಗೆ ಒಂದೋ ಎರಡೋ ಮನೆ, ಅದರ ಕೆಳಗೆ ಗದ್ದೆ, ಮಗ್ಗುಲಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನ ಗುಡ್ಡ. ಶಾಲೆಗೆ ನಾಲ್ಕೈದು ಕಿಲೋಮೀಟರ್ ನಡೆಯುವುದು ಯಾರಿಗೂ ದೊಡ್ಡದಾಗಿ ಕಾಣುತ್ತಿರಲಿಲ್ಲ. ನಡುವೆ ಹಳ್ಳ, ಹಳ್ಳಕ್ಕೆ ಅಡ್ಡವಾಗಿ ಅಡಿಕೆ ಮರದ ಕಾಲುಸಂಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಮಧ್ಯಾಹ್ನ ಮನೆಗೆ ಬಂದು ಉಂಡು ಮತ್ತೆ ಶಾಲೆ ಸೇರುವುದು ಆಗದ ಮಾತು. ಹಾಗಾಗಿ ಬೆಳಗ್ಗೆ ಕಂಬಳಿ ಕೊಪ್ಪೆಯೊಳಗೆ ಪುಸ್ತಕದ ಚೀಲ ಒಂದು ಕಡೆ, ಬುತ್ತಿ ಇನ್ನೊಂದು ಕಡೆ. ಎರಡರಲ್ಲಿ ಒಂದು ಮಾತ್ರ ಒಣಗಿರಲು ಸಾಧ್ಯ ಎನ್ನುವಂತಹ ಮಳೆ ಬಂದರೆ ಮಕ್ಕಳು ಬುತ್ತಿಯನ್ನೇ ಎದೆಗೆ ಅವುಚಿಕೊಳ್ಳುತ್ತಿದ್ದರು.

ಬುತ್ತಿಯ ಕೆಲಸ ಶುರುವಾಗುತ್ತಿದ್ದುದು ಎಲೆಯಿಂದ. ಹಿಂದಿನ ಸಂಜೆಯೇ ಹಿತ್ತಿಲಿನಿಂದ ಹರಿಯದ ಬಾಳೆಎಲೆ ಕೊಯ್ದು ತರಬೇಕು. ಹಸಿ ಎಲೆಯನ್ನು ಹಾಗೆಯೇ ಮಡಿಸಿದರೆ ಸೀಳುತ್ತದೆ. ಅದಕ್ಕೆ ಬೆಳಗ್ಗೆ ಒಲೆಯ ಕೆಂಡದ ಮೇಲೆ, ಒಂದು ಗೇಣು ಎತ್ತರದಲ್ಲಿ, ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆಯಬೇಕು. ಮಾಸಲು ಹಸಿರಿನ ಎಲೆ ಶಾಖ ತಗುಲಿದ ಕಡೆ ಒಮ್ಮೆಗೇ ಕಡುಹಸಿರಾಗಿ ಹೊಳೆಯುತ್ತದೆ. ಆ ಹೊಳಪು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದುಹೋಗುವುದನ್ನು ಒಲೆಯ ಮುಂದೆ ಕೂತ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎಲೆಯ ಮೇಲಿನ ಮೇಣದ ಪದರ ಶಾಖಕ್ಕೆ ಕರಗಿ ಹರಡುವುದರಿಂದ ಈ ಹೊಳಪು. ಎಳೆಗಳು ಮೆತ್ತಗಾಗುವುದರಿಂದ ಎಲೆ ಬಟ್ಟೆಯ ಹಾಗೆ ಬಾಗುತ್ತದೆ. ಹೆಚ್ಚು ಹೊತ್ತು ಹಿಡಿದರೆ ಕಂದಿ ಕಹಿಯಾಗುತ್ತದೆ, ಕಡಿಮೆಯಾದರೆ ದಾರಿಯಲ್ಲಿ ಒಡೆಯುತ್ತದೆ. ಬಾಡಿಸಿದ ಎಲೆಯ ಮೇಲೆ ಅನ್ನ ಹಾಕಿ, ನಾಲ್ಕೂ ಅಂಚು ಒಳಗೆ ಮಡಿಸಿ, ಹೊರಗೆ ಇನ್ನೊಂದು ಎಲೆ ಸುತ್ತಿ, ನೆನೆಸಿದ ಬಾಳೆನಾರಿನಿಂದ ಕಟ್ಟಿದರೆ ಬುತ್ತಿ ಮುಗಿಯಿತು. ಈ ಕಟ್ಟು ಬಿಗಿಯಾಗಿರಬೇಕು, ಆದರೆ ಏಳು ವರ್ಷದ ಮಗುವಿನ ಕೈಯಲ್ಲಿ ಬಿಚ್ಚುವಂತಿರಬೇಕು. ಎಷ್ಟೋ ತಾಯಂದಿರು ನಾರಿನ ಒಂದು ತುದಿಯನ್ನು ಉದ್ದ ಬಿಟ್ಟು, ಎಳೆದರೆ ಸಡಿಲವಾಗುವ ಗಂಟು ಹಾಕುತ್ತಿದ್ದುದು ಅದಕ್ಕಾಗಿಯೇ.

ಒಳಗೆ ಏನಿರುತ್ತಿತ್ತು ಎಂಬುದು ಮನೆ ಮತ್ತು ತಿಂಗಳನ್ನು ನೋಡಿ. ಬಹಳ ಮನೆಗಳಲ್ಲಿ ಕುಸುಬಲಕ್ಕಿಯ ಅನ್ನ. ಬೇಯಿಸಿ ಒಣಗಿಸಿದ ಭತ್ತದಿಂದ ತೆಗೆದ ಈ ಅಕ್ಕಿಯ ಅನ್ನ ಅಗುಳು ಅಗುಳಾಗಿ ನಿಲ್ಲುತ್ತದೆ, ಬೆಳ್ಳಗಿನ ಅಕ್ಕಿಯ ಅನ್ನದಷ್ಟು ಬೇಗ ಮುದ್ದೆಗಟ್ಟುವುದಿಲ್ಲ. ಸಾರು, ತಂಬುಳಿ ಎರಡೂ ಎಲೆಯ ಬುತ್ತಿಗೆ ಆಗಿಬರುವುದಿಲ್ಲ, ಸೋರುತ್ತವೆ. ಹಾಗಾಗಿ ಕಾಯಿ ಚಟ್ನಿ, ಹುರುಳಿ ಚಟ್ನಿ, ಒಂದೆಲಗದ ಚಟ್ನಿ, ಒಣ ಸೀಗಡಿ ತಿನ್ನುವ ಮನೆಗಳಲ್ಲಿ ಸೀಗಡಿ ಚಟ್ನಿ. ಏನೂ ಇಲ್ಲದ ದಿನಕ್ಕೆ ಮಿಡಿ ಉಪ್ಪಿನಕಾಯಿ. ಅನ್ನದ ನಡುವೆ ಕುಳಿ ಮಾಡಿ ಒಂದು ಮಿಡಿ ಹುಗಿದರೆ ಮಧ್ಯಾಹ್ನದ ಹೊತ್ತಿಗೆ ಸುತ್ತಲಿನ ಅನ್ನವೆಲ್ಲ ಕೆಂಪಾಗಿರುತ್ತಿತ್ತು. ರೊಟ್ಟಿಯ ದಿನ ಅಕ್ಕಿರೊಟ್ಟಿ, ಅದರ ಮಡಿಕೆಯಲ್ಲಿ ಬೆಣ್ಣೆ ಅಥವಾ ಜೋನಿಬೆಲ್ಲ. ಬೆಳಗಿನ ತಿಂಡಿಗೆ ಕಡುಬಾಗಿದ್ದರೆ ಅದರಲ್ಲೇ ಎರಡು ಬುತ್ತಿಗೂ ಬಂತು. ಹಲಸಿನ ಕಾಲದಲ್ಲಿ ಬೇಯಿಸಿದ ಹಲಸಿನ ಬೀಜ.

ಮೊಸರನ್ನದ ಬುತ್ತಿಯಲ್ಲಿ ಒಂದು ಲೆಕ್ಕಾಚಾರವಿತ್ತು. ಬೆಳಗ್ಗೆ ಏಳಕ್ಕೆ ಮೊಸರು ಕಲೆಸಿ ಕಟ್ಟಿದ ಅನ್ನ ಒಂದು ಗಂಟೆಯ ಹೊತ್ತಿಗೆ ಬಾಯಿಗಿಡಲಾಗದಷ್ಟು ಹುಳಿಯಾಗುತ್ತದೆ. ಅದಕ್ಕೆ ಬಿಸಿ ಅನ್ನವನ್ನು ಕಿವುಚಿ, ಆರಿದ ಮೇಲೆ ಹಾಲು ಹೊಯ್ದು, ಒಂದೇ ಚಮಚ ಮೊಸರು ಹೆಪ್ಪಿನಂತೆ ಬೆರೆಸಿ ಕಟ್ಟುತ್ತಿದ್ದರು. ಮಗು ದಾರಿ ನಡೆಯುವಾಗ, ಮಗ್ಗಿ ಹೇಳುವಾಗ, ಚೀಲದೊಳಗೆ ಹಾಲು ಮೊಸರಾಗುತ್ತಿತ್ತು. ಚಳಿ ಹೆಚ್ಚಿದ ಆಷಾಢದಲ್ಲಿ ಹೆಪ್ಪಿನ ಪ್ರಮಾಣ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಇದನ್ನು ಯಾರೂ ಬರೆದಿಟ್ಟದ್ದಲ್ಲ. ಗಡಿಯಾರವಿಲ್ಲದ ಅಡುಗೆಮನೆಯಲ್ಲಿ ನಿಂತು ಐದಾರು ಗಂಟೆ ಮುಂದಿನ ರುಚಿಯನ್ನು ಅಂದಾಜು ಮಾಡಿದ ಆ ಹೆಂಗಸರ ವಿದ್ಯೆಗೆ ಸಲ್ಲಬೇಕಾದ ಗೌರವ ಸಂದಿಲ್ಲ.

ಬಾಳೆಎಲೆಯ ಜಾಗಕ್ಕೆ ಮೊದಲು ಬಂದದ್ದು ಅಲ್ಯೂಮಿನಿಯಂ ಡಬ್ಬಿ, ಆಮೇಲೆ ಸ್ಟೀಲ್ ಡಬ್ಬಿ. ಉಪ್ಪಿನಕಾಯಿಯ ಹುಳಿಗೆ ಅಲ್ಯೂಮಿನಿಯಂ ಕಪ್ಪಾಗಿ ಚುಕ್ಕೆ ಚುಕ್ಕೆ ತೂತು ಬೀಳುತ್ತಿತ್ತು. ಅದಕ್ಕೆ ಡಬ್ಬಿಯೊಳಗೂ ಒಂದು ತುಂಡು ಎಲೆ ಹಾಸುವ ರೂಢಿ ಬಹಳ ಕಾಲ ಉಳಿಯಿತು. ಸ್ಟೀಲ್ ಡಬ್ಬಿ ಅನೇಕರಿಗೆ ಮದುವೆ ಮುಂಜಿಯ ಉಡುಗೊರೆಯಾಗಿ ಬಂದದ್ದು. ಮುಚ್ಚಳದ ಮೇಲೆ ಕೊಟ್ಟವರ ಹೆಸರು, ತಾರೀಖು ಕೆತ್ತಿರುತ್ತಿತ್ತು. ಹಾಗಾಗಿ ಮೂರನೇ ತರಗತಿಯ ಹುಡುಗ ತನ್ನ ಸೋದರತ್ತೆಯ ಹೆಸರಿನ ಡಬ್ಬಿಯಲ್ಲಿ ಊಟ ಮಾಡುತ್ತಿದ್ದ.

ಬುತ್ತಿ ಕಟ್ಟುವುದು ಮನೆಯೊಳಗಿನ ಕೆಲಸ, ಬಿಚ್ಚುವುದು ನಾಲ್ಕು ಜನರ ಮುಂದೆ. ಬುತ್ತಿಯ ನಿಜವಾದ ಕಥೆ ಇರುವುದು ಇಲ್ಲಿ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಶಾಲೆಯ ಜಗಲಿಯಲ್ಲಿ ಮಕ್ಕಳು ಸಾಲಾಗಿ ಕೂರುತ್ತಿದ್ದರು. ಯಾರೂ ಹೇಳಿಕೊಡದಿದ್ದರೂ ಸಾಲುಗಳು ಬೇರೆಬೇರೆಯೇ ಆಗುತ್ತಿದ್ದವು. ಬ್ರಾಹ್ಮಣರ ಮನೆಯ ಮಕ್ಕಳು ಒಂದು ಮೂಲೆಗೆ, ಒಕ್ಕಲಿಗರ ಮಕ್ಕಳು ಒಂದು ಕಡೆ, ದಲಿತರ ಮಕ್ಕಳು ಹೊರಗಿನ ಮರದ ಬುಡಕ್ಕೆ. ಪಾಠದ ಹೊತ್ತಿನಲ್ಲಿ ಒಂದೇ ಮಣೆಯ ಮೇಲೆ ಕೂತವರು ಊಟದ ಹೊತ್ತಿಗೆ ತಂತಮ್ಮ ಜಾತಿಗೆ ಮರಳುತ್ತಿದ್ದರು. “ಎಂಥ ತಂದಿದೀಯ ಮಾರಾಯ?” ಎಂದು ಕೇಳುವುದು ಒಂದೇ ಸಾಲಿನವರ ನಡುವೆ ಸಲಿಗೆ, ಇನ್ನೊಂದು ಸಾಲಿನವರು ಕೇಳಿದರೆ ಅದೇ ಮಾತು ಮುಜುಗರ. ಬರೀ ಅನ್ನಕ್ಕೆ ಉಪ್ಪು ಹಾಕಿ ತಂದ ಮಗು ಮುಚ್ಚಳವನ್ನು ಪೂರ್ತಿ ತೆಗೆಯುತ್ತಿರಲಿಲ್ಲ. ಎಡಗೈಯಲ್ಲಿ ಮುಚ್ಚಳವನ್ನು ಮರೆಯಾಗಿ ಹಿಡಿದು, ಅದರ ಹಿಂದೆ ತಲೆ ತಗ್ಗಿಸಿ ಬೇಗ ಬೇಗ ಉಣ್ಣುತ್ತಿತ್ತು. ಬುತ್ತಿಯನ್ನೇ ತರದ ಮಕ್ಕಳು ಗಂಟೆ ಹೊಡೆದ ಕೂಡಲೇ ಆಟಕ್ಕೆ ಓಡುತ್ತಿದ್ದರು. ಆ ಓಟ ಆಟದ ಹುರುಪಿನದಲ್ಲ ಎಂಬುದು ಬಹಳ ಜನಕ್ಕೆ ಅರ್ಥವಾದದ್ದು ದೊಡ್ಡವರಾದ ಮೇಲೆ.

ಆ ಮಕ್ಕಳಿಗೆ ಬುತ್ತಿ ಇಲ್ಲದಿದ್ದುದಕ್ಕೆ ಕಾರಣ ಬಡತನ ಒಂದೇ ಅಲ್ಲ, ಆ ಕಾಲದ ಗೇಣಿ ಪದ್ಧತಿಯೂ ಹೌದು. ಸುಗ್ಗಿಯಲ್ಲಿ ಒಡೆಯರಿಗೆ ಗೇಣಿ ಅಳೆದು ಉಳಿದ ಭತ್ತ ಎಷ್ಟೋ ಒಕ್ಕಲು ಮನೆಗಳಿಗೆ ಮುಂದಿನ ಮಳೆಗಾಲದವರೆಗೆ ಬರುತ್ತಿರಲಿಲ್ಲ. ಆಷಾಢದಲ್ಲಿ ಕಣಜ ಖಾಲಿ, ಕೂಲಿಯೂ ಕಡಿಮೆ. ಬೆಳಗ್ಗೆ ಗಂಜಿ ಕುಡಿದು ಹೊರಟ ಮಗು ರಾತ್ರಿಯ ಗಂಜಿಗೆ ಕಾಯಬೇಕು. ಗಂಜಿಯನ್ನು ಎಲೆಯಲ್ಲಿ ಕಟ್ಟಲು ಬರುವುದಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ರದ್ದು ಮಾಡಿತು. ‘ಡಿಕ್ಲರೇಷನ್ ಹಾಕಿದ’, ಅಂದರೆ ಹಕ್ಕಿಗೆ ಅರ್ಜಿ ಕೊಟ್ಟ, ಒಕ್ಕಲುಗಳಲ್ಲಿ ಅನೇಕರಿಗೆ ತಾವು ಉಳುತ್ತಿದ್ದ ಗದ್ದೆ ಸಿಕ್ಕಿತು. ಕಾನೂನಿನ ಪುಸ್ತಕದಲ್ಲಿ ಅದು ಹಿಡುವಳಿ ಹಕ್ಕಿನ ಮಾತು. ಶಾಲೆಯ ಜಗಲಿಯಲ್ಲಿ ಅದು ಕಾಣಿಸಿಕೊಂಡದ್ದು ಮಳೆಗಾಲದಲ್ಲೂ ಅನ್ನವಿದ್ದ ಡಬ್ಬಿಯಾಗಿ.

ಬುತ್ತಿ ಎಲ್ಲ ಕಡೆಯೂ ಹೀಗೆ ಮನೆಯ ಸ್ಥಿತಿಯನ್ನು ಬಿಚ್ಚಿಡುವುದಿಲ್ಲ. ಯುರೋಪಿನ ಉತ್ತರ ತುದಿಯ ನಾರ್ವೆಯಲ್ಲೂ ಬುತ್ತಿಯೇ ಮಧ್ಯಾಹ್ನದ ಊಟ. ಅದರ ಹೆಸರು ಮಾಟ್‌ಪಾಕ್ಕೆ. ಅರ್ಥ ‘ಊಟದ ಪೊಟ್ಟಣ’. ಇಡೀ ಗೋಧಿಯ ಇಲ್ಲವೇ ರೈ ಧಾನ್ಯದ ಬ್ರೆಡ್ಡಿನ ಮೂರು ನಾಲ್ಕು ಹೋಳು, ಪ್ರತಿ ಹೋಳಿನ ಮೇಲೆ ಚೀಸ್, ಮಾಂಸದ ಲೇಪ ಅಥವಾ ಹಾಲಿನ ತಿಳಿನೀರನ್ನು ಕಂದು ಬಣ್ಣ ಬರುವವರೆಗೆ ಕಾಸಿ ಮಾಡಿದ ಸಿಹಿಯಾದ ಬ್ರೂನೋಸ್ಟ್. ಹೋಳುಗಳು ಒಂದಕ್ಕೊಂದು ಅಂಟದಂತೆ ನಡುವೆ ತೆಳು ಕಾಗದ, ಹೊರಗೆ ಇನ್ನೊಂದು ಕಾಗದ. ಬಿಸಿ ಊಟ ಸಂಜೆಗೆ, ಮನೆಯಲ್ಲಿ. ಈ ರೂಢಿಯ ಹಿಂದೆ ಶಾಲೆಯೇ ಇದೆ. ಕಾರ್ಲ್ ಶಿಯೋಟ್ಸ್ ಎಂಬ ವೈದ್ಯರ ಸಲಹೆಯಂತೆ 1930ರ ದಶಕದಲ್ಲಿ ಆಸ್ಲೋ ನಗರದ ಶಾಲೆಗಳಲ್ಲಿ ಬಡವ ಬಲ್ಲಿದರೆನ್ನದೆ ಮಕ್ಕಳಿಗೆಲ್ಲ ಬ್ರೆಡ್, ಹಾಲು, ಹಣ್ಣು ಅಥವಾ ಗಜ್ಜರಿ, ಕಾಡ್ ಮೀನಿನ ಎಣ್ಣೆ ಕೊಡುವ ಏರ್ಪಾಟಾಯಿತು. ಅದನ್ನು ‘ಆಸ್ಲೋ ಉಪಾಹಾರ’ ಎಂದು ಕರೆದರು. ಮುಂದೆ ಶಾಲೆ ಕೊಡುವುದನ್ನು ನಿಲ್ಲಿಸಿದಾಗ ಮನೆಗಳು ಅದೇ ಮಾದರಿಯ ಪೊಟ್ಟಣ ಕಟ್ಟತೊಡಗಿದವು. ಶಾಲೆಯ ಮಗುವಿನಿಂದ ದೊಡ್ಡ ಅಧಿಕಾರಿಯವರೆಗೆ ಎಲ್ಲರದೂ ಒಂದೇ ಬಗೆ. ರುಚಿಯಾಗಿರಬೇಕು ಎಂಬ ಹಟ ಅದಕ್ಕಿಲ್ಲ. ಹೊಟ್ಟೆಗೆ ಸಾಕು, ಆರೋಗ್ಯಕ್ಕೆ ಒಳ್ಳೆಯದು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಪಕ್ಕದವರ ಮುಂದೆ ಹೆಚ್ಚುಗಾರಿಕೆಯೂ ಇಲ್ಲ, ಕೊರತೆಯೂ ಇಲ್ಲ. ಕಮ್ಮರಡಿಯ ಬುತ್ತಿ ರುಚಿಯಲ್ಲಿ ಅದಕ್ಕಿಂತ ಎಷ್ಟೋ ಶ್ರೀಮಂತ. ಆದರೆ ನಾರ್ವೆಯ ಪೊಟ್ಟಣ ಬಿಚ್ಚಿದರೆ ಮನೆಯ ಗುಟ್ಟು ಹೊರಬೀಳುವುದಿಲ್ಲ. ಕಮ್ಮರಡಿಯ ಎಲೆ ಬಿಚ್ಚಿದರೆ ಜಾತಿ, ಜಮೀನು, ಕರೆಯುವ ಎಮ್ಮೆ ಇದೆಯೇ ಇಲ್ಲವೇ, ತಾಯಿ ಹಾಸಿಗೆ ಹಿಡಿದಿದ್ದಾಳೆಯೇ ಎನ್ನುವುದೂ ತಿಳಿಯುತ್ತಿತ್ತು. ಬರೀ ಉಪ್ಪನ್ನ ತಂದ ಆ ಮಗುವಿಗೆ ಮುಚ್ಚಳದ ಮರೆ ಬೇಕಾದದ್ದು ಅದಕ್ಕೆ.

ಸಾಲುಗಳನ್ನು ದಾಟಿದ್ದು ಉಪ್ಪಿನಕಾಯಿ. ಅನ್ನ ಹಂಚಿಕೊಳ್ಳಲು ಅಡ್ಡ ಬರುತ್ತಿದ್ದ ಮೈಲಿಗೆ ಮಿಡಿಗೆ ಅಷ್ಟಾಗಿ ತಗುಲುತ್ತಿರಲಿಲ್ಲ. ನೇರಳೆ ಹಣ್ಣು, ನೆಲ್ಲಿಕಾಯಿ, ಉಪ್ಪು ಹಚ್ಚಿದ ಮಾವಿನಕಾಯಿ ಇವಕ್ಕಂತೂ ಯಾವ ಸಾಲೂ ಇರಲಿಲ್ಲ. ಒಲೆಯ ಮೇಲೆ ನೀರಿನಲ್ಲಿ ಬೆಂದ ಅನ್ನಕ್ಕೆ ಮುಸುರೆಯ ಕಟ್ಟು, ಮರದಿಂದ ಬಿದ್ದ ಹಣ್ಣಿಗೆ ಇಲ್ಲ ಎನ್ನುವ ದೊಡ್ಡವರ ನಿಯಮವನ್ನು ಮಕ್ಕಳು ತಮ್ಮ ಅನುಕೂಲಕ್ಕೆ ಹೀಗೆ ಬಳಸಿಕೊಂಡರು. ಮನೆಗೆ ಹೋದ ಮೇಲೆ ಮಡಿಯ ಮನೆಯ ಹುಡುಗ ಡಬ್ಬಿಯನ್ನು ಹೊರಗೇ ತೊಳೆದು, ಶಾಲೆಯ ಬಟ್ಟೆ ಬದಲಿಸಿ ಒಳಗೆ ಬರಬೇಕಿತ್ತು. ಯಾರ ಜೊತೆ ಏನು ತಿಂದೆ ಎಂದು ಅಜ್ಜಿ ಕೇಳಿದರೆ ನೇರಳೆ ಹಣ್ಣು ಎಂದರೆ ಸಾಕು.

ಇದೇ ಮುಸುರೆಯ ಕಾರಣದಿಂದ ಮಡಿವಂತ ಹಿರಿಯರು ಪ್ರಯಾಣಕ್ಕೆ ಅನ್ನದ ಬುತ್ತಿ ಒಯ್ಯುತ್ತಿರಲಿಲ್ಲ. ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಅವರ ದಾರಿಯ ಆಹಾರ. ಶೃಂಗೇರಿಗೆ ಹೋಗುವವರಿಗೆ ಅದೂ ಹೆಚ್ಚಾಯಿತು. ತುಂಗೆಯಲ್ಲಿ ಮಿಂದು ಶಾರದಾಂಬೆಯ ದರ್ಶನ ಮಾಡಿದರೆ ಮಠದಲ್ಲಿ ಊಟವಿದೆ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲೂ ಹಾಗೆಯೇ. ನೆಂಟರ ಮನೆಗೆ ಬುತ್ತಿ ಒಯ್ದರೆ ಅವರಿಗೆ ಅವಮಾನ. ಮಲೆನಾಡಿನ ಮನೆಯಲ್ಲಿ ಮಧ್ಯಾಹ್ನ ಯಾರೇ ಅಂಗಳಕ್ಕೆ ಬಂದರೂ ಮೊದಲು ನೀರು ಬೆಲ್ಲ, ಆಮೇಲೆ “ಊಟ ಮಾಡಿಕೊಂಡೇ ಹೋಗಿ” ಎಂಬ ಮಾತು. ಅಂದರೆ ಮನೆ ಎಂಬುದಿದ್ದ ಕಡೆಯೆಲ್ಲ ಊಟವಿತ್ತು. ಮನೆ ಇಲ್ಲದ ಜಾಗಕ್ಕೆ ಮಾತ್ರ ಬುತ್ತಿ. ಶಾಲೆ, ಕಾಡು, ಎಸ್ಟೇಟು ಅಂತಹ ಜಾಗಗಳು. ಎಲ್ಲರಿಗೂ ಊಟವಿದ್ದರೂ ಎಲ್ಲರಿಗೂ ಒಂದೇ ಕಡೆ ಎಲೆ ಹಾಕುತ್ತಿರಲಿಲ್ಲ, ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳ ಎನ್ನುವುದನ್ನೂ ಇಲ್ಲಿ ಹೇಳಲೇಬೇಕು.

ಗದ್ದೆ ನೆಟ್ಟಿಗೆ ಬಂದ ಆಳುಗಳಿಗೆ ಊಟ ಕೊಡುವುದು ಗದ್ದೆಯವರ ಮನೆಯ ಹೊಣೆ. ಹೆಂಗಸರು ಬೆನ್ನಿಗೆ ಗೊರಬು ಹಾಕಿ ಬಗ್ಗಿ ನೆಡುವಾಗ ಅಂಚಿನ ಮೇಲೆ ಅನ್ನದ ಪಾತ್ರೆ, ಸಾರಿನ ಪಾತ್ರೆ ಬಂದು ಇಳಿಯುತ್ತಿತ್ತು. ಕಾಫಿ ಎಸ್ಟೇಟಿನಲ್ಲಿ ಹಾಗಿಲ್ಲ. ಅಲ್ಲಿ ಕೂಲಿ ಹಣದಲ್ಲಿ, ಊಟ ತಮ್ಮದೇ. ಲೈನು ಮನೆಯಲ್ಲಿ ಬೆಳಗಿನ ಜಾವ ಎದ್ದು ಗಂಡನದು, ತನ್ನದು, ಮಕ್ಕಳದು ಎಂದು ಮೂರು ಬುತ್ತಿ ಕಟ್ಟಿ ಹೊರಡುವ ಹೆಂಗಸರ ದಿನ ಇಲ್ಲಿಂದ ಶುರು. ಹಣ್ಣು ಕೊಯ್ಯುವ ಕಾಲದಲ್ಲಿ ಕ್ಯಾರಿಯರನ್ನು ಕಾಫಿ ಗಿಡದ ರೆಂಬೆಗೆ ತೂಗುಹಾಕುತ್ತಿದ್ದರು. ನೆಲದಲ್ಲಿಟ್ಟರೆ ಇರುವೆ, ಮಳೆಗಾಲವಾದರೆ ಇಂಬಳ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ 150 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಲ್ಲಿ ಕ್ಯಾಂಟೀನಿಗೆ ಅವಕಾಶ ಮಾಡಿತ್ತು. ಈ ಸೀಮೆಯ ಹಿಡುವಳಿಗಳು ಬಹುಪಾಲು ಚಿಕ್ಕವಾದ್ದರಿಂದ ಆ ಮಾತು ಇಲ್ಲಿನವರ ಹತ್ತಿರ ಸುಳಿಯಲಿಲ್ಲ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸದವರ ಡಬ್ಬಿಗಳಲ್ಲಿ ಸಾಸಿವೆ ಎಣ್ಣೆಯ ಆಲೂಗಡ್ಡೆ ಪಲ್ಯ ಕಾಣುತ್ತದೆ. ರೆಂಬೆಗೆ ತೂಗುಹಾಕುವುದನ್ನು ಅವರೂ ಕಲಿತಿದ್ದಾರೆ.

ಶಾಲೆಯ ಬುತ್ತಿಗೆ ಬದಲಿ ಹುಡುಕುವ ಪ್ರಯತ್ನ ಮೊದಲು ನಡೆದದ್ದು ಕೇರ್ ಎಂಬ ನೆರವು ಸಂಸ್ಥೆಯ ಉಪ್ಪಿಟ್ಟಿನ ಕಾಲದಲ್ಲಿ. ಅಮೆರಿಕದಿಂದ ಬಂದ ಗೋಧಿ ರವೆ, ಹಾಲಿನ ಪುಡಿ, ಎಣ್ಣೆ ಕೆಲವು ಶಾಲೆಗಳಿಗೆ ತಲುಪುತ್ತಿದ್ದವು. ಅನ್ನ ಮಾತ್ರ ಕಂಡ ಮಲೆನಾಡಿನ ನಾಲಿಗೆಗೆ ಹಳದಿ ರವೆಯ ಉಪ್ಪಿಟ್ಟು ಹೊಸದು. ಬುತ್ತಿ ತಂದವರೂ ಅದನ್ನು ಆಸೆಪಟ್ಟು ಬೇಡುತ್ತಿದ್ದರು. ಆದರೆ ಪೂರೈಕೆ ನಂಬುವಂತಿರಲಿಲ್ಲ. ನಂಬುವಂತಹ ಬದಲಿ ಬಂದದ್ದು ಅಕ್ಷರ ದಾಸೋಹ ಎಂಬ ಸರ್ಕಾರಿ ಬಿಸಿಯೂಟದ ಯೋಜನೆಯಿಂದ. ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದ ಬಿಸಿಯೂಟ 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಸೇರಿತು. ಒಂದೇ ಪಾತ್ರೆಯ ಅನ್ನ, ಒಂದೇ ಪಾತ್ರೆಯ ಸಾಂಬಾರು. ಜಗಲಿಯಲ್ಲಿ ಹಿಂದೆ ಜಾತಿ ನೋಡಿ ಬೇರೆಯಾಗುತ್ತಿದ್ದ ಸಾಲುಗಳು ಈಗ ತರಗತಿ ನೋಡಿ ಕೂರುತ್ತವೆ. ಬುತ್ತಿಯ ನೆನಪನ್ನು ಚಂದವೆಂದು ಹೇಳುವವರು ಬಿಸಿಯೂಟದ ಸಾಂಬಾರು ನೀರು ಎಂದು ಮೂಗು ಮುರಿಯುವುದುಂಟು. ಹಸಿದ ಮಗು ಆಟದ ನೆಪದಲ್ಲಿ ಓಡುವುದನ್ನು ನಿಲ್ಲಿಸಿದ ಸಾಂಬಾರು ಅದು. ಎಷ್ಟು ತೆಳುವಾಗಿದ್ದರೂ ಅದರ ತೂಕ ದೊಡ್ಡದು.

ಹೈಸ್ಕೂಲು, ಕಾಲೇಜಿಗೆಂದು ಕೊಪ್ಪ, ಶೃಂಗೇರಿಗೆ ಹೋಗುವವರ ಬುತ್ತಿ ಬಸ್ಸಿನ ಜೊತೆ ಬೆಳೆಯಿತು. ಮುಚ್ಚಿಹೋದ ಖಾಸಗಿ ಕಂಪನಿಯೊಂದರ ನೌಕರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಸುಮಾರು ಮೂರು ದಶಕ ಈ ಸೀಮೆಯ ಒಳದಾರಿಗಳಲ್ಲಿ ಓಡಿದವು. ಬೆಳಗ್ಗೆ ಮರೆತುಹೋದ ಡಬ್ಬಿಯನ್ನು ಮುಂದಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು, “ಇದು ನಮ್ಮ ಹುಡುಗಿದು, ಕಾಲೇಜಿನ ಹತ್ತಿರ ಕೊಟ್ಟುಬಿಡಿ ಅಣ್ಣ” ಎಂದರೆ ತಲುಪುತ್ತಿತ್ತು. ಹುಡುಗಿಯ ಹೆಸರು, ಮನೆ ಎಲ್ಲ ಅವರಿಗೆ ಗೊತ್ತು. 2020ರಲ್ಲಿ ಆ ಬಸ್ಸುಗಳು ನಿಂತವು. ಅದರ ನಷ್ಟದ ಲೆಕ್ಕದಲ್ಲಿ ಈ ಡಬ್ಬಿಗಳೂ ಸೇರಬೇಕು.

ಈಗ ಖಾಸಗಿ ಶಾಲೆಯ ವ್ಯಾನು ಹತ್ತುವ ಮಕ್ಕಳ ಕೈಯಲ್ಲಿ ಪ್ಲಾಸ್ಟಿಕ್ ಬಾಕ್ಸ್, ಚಪಾತಿ, ನೂಡಲ್ಸ್, ಪಲಾವ್. ಅಕ್ಕಿರೊಟ್ಟಿ ವಾರದಲ್ಲಿ ಎರಡು ದಿನವಾದರೂ ಉಳಿದಿದೆ. ಎಲೆ ಬಾಡಿಸುವ ಕೆಂಡ ಗ್ಯಾಸ್ ಒಲೆಯಲ್ಲಿ ಸಿಗುವುದಿಲ್ಲ.

ಎಲೆಯ ಬುತ್ತಿ ತಪ್ಪದೆ ಉಳಿದಿರುವುದು ಭೂಮಿ ಹುಣ್ಣಿಮೆಯಲ್ಲಿ. ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ ಭತ್ತದ ಗದ್ದೆ ಹೊಡೆ ತುಂಬಿ ನಿಂತಿರುತ್ತದೆ. ಮಲೆನಾಡಿನ ರೈತರು ಅದನ್ನು ಬಸುರಿ ಎಂದೇ ಕಾಣುತ್ತಾರೆ. ಬಸುರಿಗೆ ಬಯಕೆಯ ಊಟ ಬೇಕು. ಹಿಂದಿನ ರಾತ್ರಿಯಿಡೀ ಮನೆಯ ಹೆಂಗಸರು ಕಡುಬು, ಹಲವು ಬಗೆಯ ಸೊಪ್ಪು ಕಲೆಸಿದ ಅಡುಗೆ, ಪಲ್ಯ, ಬುತ್ತಿಯನ್ನ ಮಾಡಿ ಬುಟ್ಟಿಯಲ್ಲಿ ತುಂಬುತ್ತಾರೆ. ನಸುಕಿನಲ್ಲಿ ಮನೆಯವರು ಅದನ್ನು ಹೊತ್ತು ಗದ್ದೆಗೆ ಹೋಗಿ, ಬೆಳೆಗೆ ಪೂಜೆ ಮಾಡಿ, ಸೊಪ್ಪಿನ ಅಡುಗೆಯನ್ನು ಪೈರಿನ ಮೇಲೆ ಬೀರುತ್ತಾರೆ. ಒಂದು ಕಡುಬನ್ನು ಮಣ್ಣಿನಲ್ಲಿ ಹುಗಿಯುತ್ತಾರೆ, ಇಲಿಗೆ ಒಂದು ಪಾಲು, ಕಾಗೆಗೆ ಒಂದು ಪಾಲು ಎತ್ತಿಡುತ್ತಾರೆ. ಉಳಿದದ್ದಕ್ಕೆ ಗದ್ದೆಯ ಅಂಚಿನಲ್ಲೇ ಸಾಲಾಗಿ ಎಲೆ ಹಾಕಿ, ದೊಡ್ಡವರು ಮಕ್ಕಳೆನ್ನದೆ ಇಬ್ಬನಿಯಲ್ಲಿ ಕೂತು ಉಣ್ಣುತ್ತಾರೆ.